ಎಂಬತ್ತು ಮಳೆಗಾಲ ಕಂಡ ತೊಲೆ

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ ಬಿಚ್ಚಿದಾಗ ಹೆಂಚು ಒಬ್ಬರು ಕೊಂಡರು, ಬಾಗಿಲು ಕಿಟಕಿ ಇನ್ನೊಬ್ಬರು. ಅಂಗಳದ ಮೂಲೆಯಲ್ಲಿ ಎರಡು ತೊಲೆ ಉಳಿದವು. 10 ಅಡಿ ಉದ್ದ, 6 ಇಂಚು ದಪ್ಪ, 8 ಇಂಚು ಅಗಲ. ಅಡುಗೆಮನೆಯ ಹೊಗೆ ಕುಡಿದು ಕುಡಿದು ಯಾವ ಜಾತಿಯ ಮರ ಎಂದೇ ತಿಳಿಯದಷ್ಟು ಕಪ್ಪಾಗಿದ್ದವು. ಬಚ್ಚಲೊಲೆಗೆ ಸೀಳಿಸುವುದೆಂದು ಮನೆಯವರೆಲ್ಲ ತೀರ್ಮಾನಿಸಿಯೂ ಆಗಿತ್ತು.

ಕೆಲಸಕ್ಕೆ ಬಂದಿದ್ದ ಆಚಾರ್ರು ಬಾಚಿಯಿಂದ ಒಂದು ಚಕ್ಕೆ ಎಬ್ಬಿಸಿ, ಗಾಜಿನ ಲೋಟದಲ್ಲಿ ನೀರು ಕೇಳಿದರು. ಚಕ್ಕೆಯನ್ನು ಅದರಲ್ಲಿ ಬಿಟ್ಟು ಎಲೆಯಡಿಕೆ ಹಾಕಿಕೊಂಡು ಕೂತರು. ಅರ್ಧ ಗಂಟೆಯಲ್ಲಿ ನೀರು ಜೇನಿನ ಬಣ್ಣಕ್ಕೆ ತಿರುಗಿತು. ಲೋಟವನ್ನು ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಅಂಚಿನಲ್ಲಿ ತೆಳು ನೀಲಿ ಹೊಳಪು. "ಹೊನ್ನೆ ಮಾರಾಯ್ರೆ ಇದು. ಒಲೆಗೆ ಹಾಕ್ಬೇಡಿ" ಎಂದರು.

ಸಕ್ಕರೆ ಕಾಯಿಲೆಗೆಂದು ಮಾರುವ ಹೊನ್ನೆ ಮರದ ಲೋಟದಲ್ಲಿ ನೀರಿಟ್ಟು ನೋಡಿದವರಿಗೆ ಆ ಬಣ್ಣ ಗೊತ್ತು. ಹೊನ್ನೆಯ ಚೇಗಿನಲ್ಲಿರುವ, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗದಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಕಾಣುವ ನೀಲಿ ಬೆಳಕಾಗಿ ಹೊರಬಿಡುತ್ತವೆ. ಬಿಳಿ ಬಟ್ಟೆ ಫಳಫಳ ಹೊಳೆಯಲೆಂದು ಡಿಟರ್ಜೆಂಟಿಗೆ ಸೇರಿಸುವ ವಸ್ತುಗಳು ಮಾಡುವುದೂ ಇದನ್ನೇ. ಎಂಟು ದಶಕ ಹೊಗೆ ತಿಂದರೂ ಆ ತೊಲೆಯೊಳಗಿನ ರಸಾಯನ ಹಾಗೆಯೇ ಉಳಿದಿತ್ತು. ಅವೆರಡೂ ಈಗ ಮೈಸೂರಿನ ನನ್ನ ಪುಟ್ಟ ಕಾರ್ಯಾಗಾರದಲ್ಲಿ ಕೆಲಸದ ಮೇಜಾಗಿ ನಿಂತಿವೆ.

ನಮ್ಮ ಬಡಗಿಗಳು ಹಿಂದಿನಿಂದಲೂ ನೆಲದ ಮೇಲೆ ಕೂತು, ಹಲಗೆಯನ್ನು ಕಾಲಿನಲ್ಲೇ ಅದುಮಿ ಹಿಡಿದು ಕೆಲಸ ಮಾಡಿದವರು. ಅವರಿಗೆ ಮೈಯೇ ಮೇಜು. ನಿಂತು ಕೆಲಸ ಮಾಡುವವರಿಗೆ ಮಾತ್ರ ಆ ಹಿಡಿತವನ್ನೆಲ್ಲ ಮೇಜೇ ಕೊಡಬೇಕು. ಮರದ ಮೈ ಹೆರೆಯುವ ತೋಪಡ ತಳ್ಳಿದಾಗ ಅದು ಜರುಗಬಾರದು, ಉಳಿಯ ಮೇಲೆ ಕೊಡತಿಯ ಏಟು ಬಿದ್ದಾಗ ನಡುಗಬಾರದು. ಎಲ್ಲಕ್ಕಿಂತ ಮುಖ್ಯ, ಅದರ ಮೈ ಸಮತಟ್ಟಾಗಿಯೇ ಇರಬೇಕು. ಮೇಜು ಡೊಂಕಾದರೆ ಅದರ ಮೇಲೆ ಮಾಡಿದ್ದೆಲ್ಲ ಡೊಂಕು. ಹಾಗಾಗಿ ಈ ಕೆಲಸಕ್ಕೆ ಚೆಲುವಾದ ಮರಕ್ಕಿಂತ ನೆಲೆನಿಂತ ಮರ ಬೇಕು. ಹಳೆಯ ತೊಲೆ ನನಗೆ ಅಷ್ಟು ಬೆಲೆಬಾಳುವುದು ಅಜ್ಜನ ನೆನಪಿಗೆ ಮಾತ್ರವಲ್ಲ, ಇದಕ್ಕೂ ಹೌದು.

ಮರ ಸತ್ತ ಮೇಲೂ ನೀರು ಕುಡಿಯುವುದನ್ನು ಬಿಡುವುದಿಲ್ಲ. ಆಗಷ್ಟೇ ಕಡಿದ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡದ್ದು ಒಂದು, ಕೋಶದ ಗೋಡೆಯೊಳಗೇ ಇಂಗಿದ್ದು ಇನ್ನೊಂದು. ಒಣಗುವಾಗ ಮೊದಲು ಪೊಳ್ಳಿನ ನೀರು ಹೋಗುತ್ತದೆ. ಆಗ ಮರ ಹಗುರಾಗುತ್ತದೆ, ಗಾತ್ರ ಬದಲಾಗುವುದಿಲ್ಲ. ತೇವ ಸುಮಾರು ಶೇ. 30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡುತ್ತದೆ, ಕುಗ್ಗುವುದು ಆಗ. ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ಉಂಗುರಗಳನ್ನು ಹಾದು ಕುಗ್ಗುವುದರ ಸುಮಾರು ಎರಡರಷ್ಟು. ತೇಗದಂಥ ಸಾಧು ಮರವೂ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಒಂದು ದಿಕ್ಕಿಗೆ ಶೇ. 2.5ರಷ್ಟು, ಇನ್ನೊಂದಕ್ಕೆ ಶೇ. 5.8ರಷ್ಟು ಕುಗ್ಗುತ್ತದೆ. ಹಲಗೆ ದೊನ್ನೆಯ ಹಾಗೆ ಬಾಗುವುದಕ್ಕೆ ಈ ತಾರತಮ್ಯವೇ ಕಾರಣ.

ಒಣಗಿತು ಎಂದಲ್ಲಿಗೆ ಕತೆ ಮುಗಿಯುವುದಿಲ್ಲ. ಗಾಳಿಯ ಆರ್ದ್ರತೆ ಶೇ. 85 ಇದ್ದಾಗ ಮರದೊಳಗಿನ ತೇವ ಶೇ. 18ರ ಸುತ್ತ ಬಂದು ನಿಲ್ಲುತ್ತದೆ. ಆರ್ದ್ರತೆ 65 ಆದರೆ ತೇವ 12, ಆರ್ದ್ರತೆ 40 ಆದರೆ ತೇವ 8ಕ್ಕೂ ಕಡಿಮೆ. ಅಂದರೆ ಪ್ರತಿ ಮಳೆಗಾಲದಲ್ಲೂ ಮರ ಹಿಗ್ಗುತ್ತದೆ, ಪ್ರತಿ ಬೇಸಿಗೆಯಲ್ಲೂ ಕುಗ್ಗುತ್ತದೆ. 60 ಸೆಂಟಿಮೀಟರ್ ಅಗಲದ ತೇಗದ ಹಾಸಿನ ತೇವ ಬರೀ ನಾಲ್ಕು ಅಂಶ ಏರಿದರೂ ಅಗಲ 4 ಮಿಲಿಮೀಟರ್‌ವರೆಗೆ ಹೆಚ್ಚಬಹುದು. ಅಜ್ಜನ ಮನೆಯ ತೊಲೆಗಳು ಈ ಉಸಿರಾಟವನ್ನು ಎಂಬತ್ತು ಸಲ ಮಾಡಿದ್ದವು. ಸೀಳುವಂತಿದ್ದರೆ ಎಂದೋ ಸೀಳುತ್ತಿದ್ದವು, ತಿರುಚುವಂತಿದ್ದರೆ ಎಂದೋ ತಿರುಚುತ್ತಿದ್ದವು. ಜತೆಗೆ ವಯಸ್ಸಾದ ಮರ ಹೊಸ ಮರಕ್ಕಿಂತ ತುಸು ಕಡಿಮೆ ತೇವ ಎಳೆಯುತ್ತದೆ. ಕೋಶದ ಗೋಡೆಯಲ್ಲಿ ನೀರಿಗೆ ಹೆಚ್ಚು ಹಾತೊರೆಯುವ ಅಂಶ ಹೆಮಿಸೆಲ್ಯುಲೋಸ್. ಕಾಲ ಕಳೆದಂತೆ ಅದು ನಿಧಾನವಾಗಿ ಒಡೆಯುತ್ತ ಬರುತ್ತದೆ.

ಆದರೂ ತೊಲೆ ಕೊಯ್ಸಿದ ಮೇಲೆ ಆತುರ ಪಟ್ಟೆ. ನಾಲ್ಕು ಹಲಗೆಗಳಲ್ಲಿ ಒಂದು ಎರಡೇ ವಾರದಲ್ಲಿ ಬೆರಳು ತೂರುವಷ್ಟು ಬಾಗಿತು. ದಪ್ಪ ಮರದ ಒಳಗಿನ ಬಿಗಿತಗಳು ಒಂದಕ್ಕೊಂದು ಆತುಕೊಂಡಿರುತ್ತವೆ. ನಡುವೆ ಕೊಯ್ದರೆ ಆ ಹೊಂದಾಣಿಕೆ ತಪ್ಪುತ್ತದೆ. ಮೇಲಾಗಿ ಮಲೆನಾಡಿನ ಮರ ಮೈಸೂರಿನ ಒಣ ಹವೆಗೆ ಬಂದಿತ್ತು. ಹಲಗೆಗಳ ನಡುವೆ ರೀಪಿನ ತುಂಡು ಕೊಟ್ಟು ನೆರಳಲ್ಲಿ ನಾಲ್ಕು ತಿಂಗಳು ಪೇರಿಸಿಟ್ಟು, ಆಮೇಲೆಯೇ ತೋಪಡ ಹಿಡಿದದ್ದು.

"ಹಳೆ ಮರ ಕಬ್ಬಿಣ ಆಗಿರ್ತದೆ" ಎಂಬ ಮಾತು ಪೂರ್ತಿ ನಿಜವಲ್ಲ. ಜಪಾನಿನ ಹೊರ್ಯೂಜಿ ದೇಗುಲದಲ್ಲಿ 1,300 ವರ್ಷ ದಾಟಿದ ಹಿನೋಕಿ ಮರದ ಕಟ್ಟಡಗಳು ಇಂದಿಗೂ ನಿಂತಿವೆ. ಅಲ್ಲಿನ ವಿಜ್ಞಾನಿಗಳು ಇಂಥ ಹಳೆಯ ಕಟ್ಟಡಗಳ ಮರವನ್ನು ಹೊಸ ಹಿನೋಕಿಯ ಜತೆ ಹೋಲಿಸಿ ನೋಡಿದ್ದಾರೆ. ಎಳೆಗಳ ಉದ್ದಕ್ಕೆ ಬಿಗಿತ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಆದರೆ ಹಳೆಯ ಮರ ಬಾಗಿ ತಾಳಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತದೆ, ಮುರಿದರೆ ಫಟ್ಟನೆ ಮುರಿಯುತ್ತದೆ. ಎಳೆಗಳಿಗೆ ಅಡ್ಡಲಾಗಿ ಅದರ ಬಲವೂ ತಗ್ಗಿರುತ್ತದೆ. ಆದ್ದರಿಂದ ಹಳೆಯ ಮರಕ್ಕೆ ತೂತು ಕೊರೆಯದೆ ಮೊಳೆ ಹೊಡೆಯಬೇಡಿ. ಎಳೆಯ ಗುಂಟ ಸೀಳಿಬಿಡುತ್ತದೆ.

ಮೊಳೆಯ ವಿಷಯಕ್ಕೆ ಬಂದರೆ, ಹಳೆಯ ಮರವೆಂದರೆ ಸಾಮಿಲ್ಲಿನವರು ಮುಖ ತಿರುಗಿಸುವುದು ಒಳಗಿರುವ ಮೊಳೆಗೆ ಹೆದರಿ. ನಾನು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಉದ್ದಕ್ಕೂ ಆಡಿಸಿದೆ. ದಾರ ಓಲಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಹದಿನೇಳು ಸಿಕ್ಕವು. ಹದಿನೆಂಟನೆಯದು ತಲೆ ಮುರಿದು ಆಳದಲ್ಲಿ ಹೂತಿದ್ದದ್ದು ನನ್ನ ತೋಪಡದ ಅಲಗಿಗೆ ಸಿಕ್ಕಿತು.

ಆ ಮೊಳೆಯ ಸುತ್ತ ನಾಲ್ಕಾಣೆ ಅಗಲದ ಕಡುನೀಲಿ ಕಲೆ ಇತ್ತು. ಕೊಳೆತದ್ದೇನೋ ಎಂದು ಉಳಿಯಿಂದ ಕೆರೆದರೆ ಮರ ಗಟ್ಟಿಯಾಗಿಯೇ ಇದೆ. ಅದು ಕಲೆಯಲ್ಲ, ಮಸಿ! ಹಿಂದಿನವರು ಅಣಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದರು. ಅಣಲೆಯ ಒಗರು ಟ್ಯಾನಿನ್‌ನದು, ಅನ್ನಭೇದಿಯಲ್ಲಿರುವುದು ಕಬ್ಬಿಣ, ಎರಡೂ ಕೂಡಿದರೆ ನೀಲಿಗಪ್ಪು. ಹೊನ್ನೆಯ ಕೆಂಪು ರಸದ ತುಂಬ ಟ್ಯಾನಿನ್. ಸೋರಿದ ಮಳೆನೀರು ಮೊಳೆಯ ಕಬ್ಬಿಣವನ್ನು ಕರಗಿಸಿ ತಂದಿದೆ, ಮರದೊಳಗೇ ಮಸಿ ತಯಾರಾಗಿದೆ. ಕಲೆಯ ನಡುವೆ ಮರ ಮೆತ್ತಗಾಗಿ ಪುಡಿ ಉದುರಿದರೆ ಮಾತ್ರ ಎಚ್ಚರ ಬೇಕು. ತೇವದಲ್ಲಿ ತುಕ್ಕು ಹಿಡಿಯುವ ಕಬ್ಬಿಣ ಸುತ್ತಲಿನ ಸೆಲ್ಯುಲೋಸನ್ನೇ ತಿಂದುಹಾಕಬಲ್ಲದು. ಅಂಥ ಭಾಗವನ್ನು ಕತ್ತರಿಸಿ ತೆಗೆಯುವುದೇ ಸರಿ.

ಮರ ಕೊರೆಯುವ ಕುಟ್ಟೆ ಹುಳುವನ್ನು ಗುರುತಿಸುವುದು ಸುಲಭ. ತೂತಿನ ಬಾಯಲ್ಲಿ ಗೋಧಿಹಿಟ್ಟಿನಂಥ ತಾಜಾ ಪುಡಿ ಇದ್ದರೆ ಹುಳು ಒಳಗಿದೆ. ತೂತು ಕಪ್ಪಾಗಿ ಧೂಳು ಹಿಡಿದಿದ್ದರೆ ಅದು ಎಂದೋ ಹೋಗಿದೆ. ಮರವನ್ನು ಹಿಟ್ಟು ಮಾಡುವ ಕುಟ್ಟೆ ಹುಡುಕುವುದು ಹೊರಭಾಗದ ಬಿಳಿಮರದ ಪಿಷ್ಟವನ್ನು. ಚೇಗಿನಲ್ಲಿ ಅದಕ್ಕೆ ಊಟವಿಲ್ಲ.

ಮೂರು ಹಲಗೆ ಮೇಜಿನ ಹಾಸಾಯಿತು, ನಾಲ್ಕನೆಯದು ಸೀಳಿ ಕಾಲು ಮತ್ತು ಅಡ್ಡಪಟ್ಟಿ. ಹಾಸನ್ನು ಹೆಚ್ಚುಕಡಿಮೆ ಮೂರಿಂಚು ದಪ್ಪಕ್ಕೇ ಬಿಟ್ಟದ್ದಕ್ಕೆ ಕಾರಣವಿದೆ. ಹಲಗೆಯ ದಪ್ಪ ಎರಡು ಪಟ್ಟಾದರೆ ಅದರ ಬಿಗಿತ ಎಂಟು ಪಟ್ಟಾಗುತ್ತದೆ. ಇಡೀ ಮೇಜು ಸುಮಾರು 110 ಕಿಲೋ ತೂಗುತ್ತದೆ, ಎಷ್ಟೇ ತಳ್ಳಿದರೂ ಜರುಗುವುದಿಲ್ಲ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಆ ಲೆಕ್ಕದಲ್ಲಿ ಹೊನ್ನೆ ತಾನು ಬೆಳೆಯುವಾಗ ಗಾಳಿಯಿಂದ ಹೀರಿದ ಸುಮಾರು 180 ಕಿಲೋ ಕಾರ್ಬನ್ ಡೈಆಕ್ಸೈಡ್‌ನ ಇಂಗಾಲ ಈ ಮೇಜಿನಲ್ಲಿದೆ. ಬಚ್ಚಲೊಲೆಗೆ ಹಾಕಿದ್ದರೆ ಕೆಲವೇ ವಾರದ ಸ್ನಾನದಲ್ಲಿ ಅದೆಲ್ಲ ಮರಳಿ ಗಾಳಿ ಸೇರುತ್ತಿತ್ತು.

ಸಿಕ್ಕ ಮರವೆಲ್ಲ ಮೇಜಿಗೆ ಆಗುವುದಿಲ್ಲ. ರೈಲು ಹಳಿಯ ಹಳೆಯ ಸ್ಲೀಪರ್ ನೋಡಲು ಭಾರಿಯಾಗಿದ್ದರೂ ಅದಕ್ಕೆ ಕ್ರಿಯೋಸೋಟ್ ಎಂಬ ಡಾಂಬರಿನಂಥ ವಿಷದೆಣ್ಣೆ ಕುಡಿಸಿರುವುದುಂಟು. ದಿನವೂ ಕೈ ತಾಗುವ ಜಾಗಕ್ಕೆ ಅದು ಬೇಡ. ಹಳೆಯ ಬಾಗಿಲುಗಳ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಮಿತಿಯನ್ನು 90 ಪಿಪಿಎಂಗೆ (ಹತ್ತು ಲಕ್ಷದಲ್ಲಿ 90 ಪಾಲಿಗೆ) ಇಳಿಸಿದ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅಂಥ ಬಣ್ಣವನ್ನು ಮರಳುಕಾಗದದಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಖಂಡಿತ ಬೇಡ. ಬರೀ ಮರದ ಧೂಳೂ ಮೂಗಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು, ಮುಖಗವಸು ತಪ್ಪಿಸಬೇಡಿ. ಮರ ಹಳೆಯದೇ ಆದರೂ ಲಾರಿಗೆ ಹೇರುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಹಾಸಿನ ಹಲಗೆಗಳನ್ನು ಒಂದಕ್ಕೊಂದು ಅಂಟಿಸಲಿಲ್ಲ. ಪ್ರತಿಯೊಂದನ್ನೂ ನಡುವಿನಲ್ಲಿ ಮಾತ್ರ ಬಿಗಿದು, ಅಂಚಿನ ಬೋಲ್ಟುಗಳಿಗೆ ಉದ್ದುದ್ದ ತೂತು ಕೊಟ್ಟೆವು. ಹಿಗ್ಗಲು ಜಾಗ ಬೇಕಲ್ಲ. ಶಿವರಾತ್ರಿಯ ಹೊತ್ತಿಗೆ ಹಲಗೆಗಳ ನಡುವೆ ಒಂದು ರೂಪಾಯಿ ನಾಣ್ಯ ನಿಲ್ಲುತ್ತದೆ. ಮೊನ್ನೆ ಆಷಾಢದ ಜಡಿಮಳೆ ಹಿಡಿದಾಗ ಅದೇ ಸಂದಿಗೆ ಪೋಸ್ಟ್‌ಕಾರ್ಡು ಇಳಿಸಲು ನೋಡಿದೆ, ಇಳಿಯಲಿಲ್ಲ.