ಮುಳ್ಳಿಗೆ ಸಾಫ್ಟ್ ಲೆನ್ಸ್ ಯಾಕೆ? ಫೋಕಸ್ ತಪ್ಪಿಸಿದರೆ ಸಾಲದಾ?

ಪ್ರಶ್ನೆ: ನೀವು ದೊಡ್ಡ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದ ಕಳ್ಳಿ ಗಿಡಗಳ ಫೋಟೋ ಮಸುಕು ಮಸುಕಾಗಿ ಚೆನ್ನಾಗಿವೆ. ಆದರೆ ಅದಕ್ಕೆ ಅಂಥ ಹಳೇ ಸಾಫ್ಟ್ ಫೋಕಸ್ ಲೆನ್ಸೇ ಯಾಕೆ ಬೇಕು? ಮಾಮೂಲಿ ಲೆನ್ಸಿನಲ್ಲಿ ಫೋಕಸ್ ಸ್ವಲ್ಪ ತಪ್ಪಿಸಿದರೆ ಅದೇ ಬರಲ್ವಾ?

ಬರಲ್ಲ.

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಬಿಟ್ಟಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿ, ಕೈಯಲ್ಲಿ ಹೋಳಿಗೆ ಇರುವಾಗಲೂ ಕೇಳಿದ್ದಾರೆ. ಫೋಟೋ ಚೆನ್ನಾಗಿವೆ ಅಂದಿದ್ದಕ್ಕೆ ಸಂತೋಷ. 'ಮಸುಕು' ಅಂದಿದ್ದಕ್ಕೆ ಮಾತ್ರ ತಕರಾರು ಇದೆ.

ನನ್ನ ತಾರಸಿಯಲ್ಲಿ ಒಂದು ಗೋಲ್ಡನ್ ಬ್ಯಾರೆಲ್ ಇದೆ. ಮೆಕ್ಸಿಕೋ ಮೂಲದ ಗಿಡ, ಸಣ್ಣ ಕುಂಬಳಕಾಯಿಯಷ್ಟು ದಪ್ಪ, ಮೈತುಂಬ ಹಳದಿ ಮುಳ್ಳು. ಬೆಳಿಗ್ಗೆ ಏಳರ ಬಿಸಿಲು ಅದರ ಬೆನ್ನ ಹಿಂದಿನಿಂದ ಬೀಳುತ್ತದೆ. ಆಗ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಕ್ಯಾಮೆರಾದ ಹಿಂದೆ ಚಿತ್ರ ಮೂಡುವ ಮಬ್ಬು ಗಾಜು, ಅಂದರೆ ಗ್ರೌಂಡ್ ಗ್ಲಾಸಿನ ಮೇಲೆ ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು ಒಂದೇ ಒಂದು ಮುಳ್ಳನ್ನು ನೋಡಿ. ಚಿತ್ರ ತಲೆಕೆಳಗಾಗಿರುತ್ತದೆ, ಅದಿರಲಿ. ಲೆನ್ಸ್ ಸಾಫ್ಟ್ ಆಗಿದ್ದರೆ ಮುಳ್ಳಿನ ನಡುಗೆರೆ ಸೂಜಿಯ ಹಾಗೆ ಕಾಣುತ್ತದೆ, ತುದಿಯೂ ಗೊತ್ತಾಗುತ್ತದೆ. ಅದರ ಸುತ್ತ ಹಾಲು ಚೆಲ್ಲಿದ ಹಾಗೆ ತೆಳ್ಳಗೆ ಒಂದು ಬೆಳಕು. ಈಗ ಮಾಮೂಲಿ ಲೆನ್ಸ್ ಹಾಕಿ ಫೋಕಸ್ ತಿರುಗಿಸುತ್ತಾ ಹೋಗಿ. ಸೂಜಿ ಬೆಂಕಿಕಡ್ಡಿ ಆಗುತ್ತದೆ, ಆಮೇಲೆ ಬೆರಳಾಗುತ್ತದೆ, ಆಮೇಲೆ ಪಕ್ಕದ ಮುಳ್ಳಿನ ಜೊತೆ ಕಲಸಿಹೋಗುತ್ತದೆ. ಎಷ್ಟು ಮುಳ್ಳಿವೆ ಅಂತ ಎಣಿಸೋಕೂ ಆಗುವುದಿಲ್ಲ.

ಕಾರಣ ಕಷ್ಟದ್ದಲ್ಲ. ಲೆನ್ಸಿನ ನಡುಭಾಗದಿಂದ ಬರುವ ಕಿರಣಗಳು ಒಂದು ಜಾಗದಲ್ಲಿ ಸೇರುತ್ತವೆ. ಅಂಚಿನಿಂದ ಬರುವವು ಇನ್ನೂ ಸ್ವಲ್ಪ ಮುಂಚೆಯೇ, ಅಂದರೆ ಲೆನ್ಸಿಗೆ ಹತ್ತಿರ ಸೇರಿಬಿಡುತ್ತವೆ. ಈ ದೋಷಕ್ಕೆ ಗೋಳೀಯ ದೋಷ ಅನ್ನುತ್ತಾರೆ. ಸಾಮಾನ್ಯ ಲೆನ್ಸಿನಲ್ಲಿ ಇದನ್ನು ಪಟ್ಟು ಹಿಡಿದು ತಿದ್ದುತ್ತಾರೆ, ಸಾಫ್ಟ್ ಲೆನ್ಸಿನಲ್ಲಿ ಬೇಕೂಂತಲೇ ಉಳಿಸುತ್ತಾರೆ. ಹಾಗಾಗಿ ಫಿಲ್ಮಿನ ಮೇಲೆ ಒಂದು ಚೂಪಾದ ಚಿತ್ರ, ಅದರ ಮೇಲೇ ಹರಡಿಕೊಂಡ ಇನ್ನೊಂದು ಚಿತ್ರ, ಎರಡೂ ಒಟ್ಟಿಗೆ ಬೀಳುತ್ತವೆ. ಫೋಕಸ್ ತಪ್ಪಿದಾಗ ಎಲ್ಲ ಕಿರಣಗಳೂ ಹರಡುತ್ತವೆ. ಚೂಪಾದದ್ದು ಅಂತ ಏನೂ ಉಳಿಯುವುದಿಲ್ಲ.

ಇಷ್ಟಾದರೂ ಒಪ್ಪದವರಿಗೆ ನಾನು ಬೀದಿದೀಪ ತೋರಿಸುತ್ತೇನೆ. ದೂರದ್ದು ಕಾಣದೆ ಕನ್ನಡಕ ಹಾಕುವವರಾದರೆ ರಾತ್ರಿ ಅದನ್ನು ತೆಗೆದು ನೋಡಿ. ದೀಪ ಊದಿಕೊಂಡ ಪೂರಿ ಥರ ಕಾಣುತ್ತದೆ. ಡಿಸೆಂಬರ್ ಮಂಜಿನಲ್ಲಿ ಕನ್ನಡಕ ಹಾಕಿಕೊಂಡೇ ನೋಡಿ. ಬಲ್ಬು ಬಲ್ಬಾಗಿಯೇ ಇರುತ್ತದೆ, ಸುತ್ತ ಪ್ರಭೆ ಇರುತ್ತದೆ. ಮಂಜಿಗೂ ಲೆನ್ಸಿಗೂ ಕಾರಣ ಬೇರೆ, ಕಾಣೋದು ಮಾತ್ರ ಹೆಚ್ಚುಕಮ್ಮಿ ಹಾಗೇ.

"ಪ್ರಿಂಟ್ ಹಾಕುವಾಗ ಎನ್ಲಾರ್ಜರ್ ಕೆಳಗೆ ಜಾಲರಿ ಬಟ್ಟೆ ಹಿಡಿದರಾಯ್ತು" ಅನ್ನುವವರೂ ಇದ್ದಾರೆ. ಎನ್ಲಾರ್ಜರ್ ಅಂದರೆ ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ. ಹಿಡಿಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ. ಕ್ಯಾಮೆರಾದಲ್ಲಿ ಸಾಫ್ಟ್ ಮಾಡಿದರೆ ಬೆಳಕು ಕತ್ತಲೆಗೆ ಹರಿಯುತ್ತದೆ. ಎನ್ಲಾರ್ಜರ್ ಕೆಳಗೆ ಮಾಡಿದರೆ ಕತ್ತಲೆ ಬೆಳಕಿಗೆ ಹರಿಯುತ್ತದೆ. ಮುಳ್ಳಿನ ಸುತ್ತ ಪ್ರಭೆ ಬರುವ ಬದಲು ಮಸಿ ಮೆತ್ತಿಕೊಳ್ಳುತ್ತದೆ.

ಕಳ್ಳಿ ಅಂದರೆ ಚೂಪಾಗಿಯೇ ತೆಗೆಯಬೇಕು ಅನ್ನುವ ನಂಬಿಕೆಗೂ ಒಂದು ಹಿನ್ನೆಲೆ ಇದೆ. ಅಮೆರಿಕದ ಫೋಟೋಗ್ರಾಫರ್‌ಗಳಾದ ಇಮೊಜೆನ್ ಕನಿಂಗ್‌ಹ್ಯಾಮ್, ಎಡ್ವರ್ಡ್ ವೆಸ್ಟನ್ ಇಬ್ಬರೂ ಶುರು ಮಾಡಿದ್ದು ಸಾಫ್ಟ್ ಫೋಕಸ್‌ನಲ್ಲೇ. ಆಮೇಲೆ ಅದನ್ನು ಬಿಟ್ಟರು. 1932ರಲ್ಲಿ ಆನ್ಸೆಲ್ ಆಡಮ್ಸ್ ಜೊತೆ ಸೇರಿ ಕಟ್ಟಿದ ಗುಂಪಿಗೆ ಲೆನ್ಸಿನ ಪುಟ್ಟ ಕಿಂಡಿಯ ಹೆಸರನ್ನೇ ಇಟ್ಟರು: ಎಫ್/64. ಎಫ್ ಪಕ್ಕದ ಅಂಕಿ ದೊಡ್ಡದಾದಷ್ಟೂ ಬೆಳಕು ಬರುವ ಕಿಂಡಿ ಚಿಕ್ಕದು. ಕನಿಂಗ್‌ಹ್ಯಾಮ್ ತೆಗೆದ ಭೂತಾಳೆ, ಕಳ್ಳಿಗಳ ಚಿತ್ರ ಕತ್ತಿಯಷ್ಟು ಚೂಪು. ನನಗೂ ಬಹಳ ಇಷ್ಟ. ಹಾಗಂತ ಎಲ್ಲರೂ ಅದನ್ನೇ ಮಾಡಬೇಕಾ?

ಇನ್ನು ಕೆಲಸದ ಮಾತು. ಹಳೇ ಸಾಫ್ಟ್ ಲೆನ್ಸುಗಳಲ್ಲಿ ವೊಲೆನ್ಸಾಕ್ ವೆರಿಟೋ ಎಫ್/4ರದ್ದು, ಅಂದರೆ ಅದರ ಕಿಂಡಿ ಅಷ್ಟು ಅಗಲ ತೆರೆಯುತ್ತದೆ. ಇನ್ನೊಂದು ಸಾಫ್ಟ್ ಲೆನ್ಸ್ ರೋಡನ್‌ಸ್ಟಾಕ್ ಇಮಾಗೋನ್‌ಗೆ ಜರಡಿಯಂಥ ಬಿಲ್ಲೆಗಳಿವೆ: ನಡುವೆ ದೊಡ್ಡ ತೂತು, ಸುತ್ತ ಚಿಕ್ಕ ತೂತುಗಳು. ಯಾವುದೇ ಇರಲಿ, ಸಾಫ್ಟ್ ಆಗೋದು ಕಿಂಡಿ ಅಗಲವಾಗಿದ್ದಾಗ. ವೆರಿಟೋದಂಥದ್ದನ್ನು ಎಫ್/11ಕ್ಕೆ ಇಳಿಸಿದರೆ ಅದೂ ಮಾಮೂಲಿ ಲೆನ್ಸಿನ ಹಾಗೇ ಆಗಿಬಿಡುತ್ತದೆ. ಎಫ್/22ರಲ್ಲಿ ತೆಗೆದು "ಸಾಫ್ಟೇ ಬಂದಿಲ್ಲ" ಅಂತ ನನಗೆ ಬರೆಯಬೇಡಿ.

ನಾನೂ ಏಟು ತಿಂದಿದ್ದೇನೆ. ಎಫ್/4ರಲ್ಲಿ ಮುಂದಿನ ಮುಳ್ಳಿಗೆ ಫೋಕಸ್ ಮಾಡಿ, ಎಫ್/6.3ಕ್ಕೆ ಇಳಿಸಿ ನಾಲ್ಕು ಶೀಟ್ ತೆಗೆದೆ. ನಾಲ್ಕರಲ್ಲೂ ಹಿಂದಿನ ಸಾಲಿನ ಮುಳ್ಳು ಚೂಪು! ಕಿಂಡಿ ಕಿರಿದಾದರೆ ಅಂಚಿನ ಕಿರಣ ಕಮ್ಮಿಯಾಗಿ ಫೋಕಸ್ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಯಾವ ಕಿಂಡಿಯಲ್ಲಿ ತೆಗೆಯುತ್ತೀರೋ ಅದೇ ಕಿಂಡಿಯಲ್ಲಿ ಫೋಕಸ್ ಮಾಡಿ. ಶೀಟ್ ಫಿಲ್ಮ್ ಬೆಲೆ ನಿಮಗೂ ಗೊತ್ತಲ್ಲ.

ಎಕ್ಸ್‌ಪೋಷರ್ ಲೆಕ್ಕವೂ ಮಾಡಿಕೊಳ್ಳಿ. 200 ಮಿ.ಮೀ. ಲೆನ್ಸಿನಲ್ಲಿ ಗಿಡದ ಅರ್ಧ ಅಳತೆಯ ಚಿತ್ರ ಬೇಕಾದರೆ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ) 300 ಮಿ.ಮೀ. ಎಳೆಯಬೇಕು. ಅದು 200ರ ಒಂದೂವರೆ ಪಟ್ಟು. ಒಂದೂವರೆಯ ವರ್ಗ ಎರಡೂಕಾಲು. ಮೀಟರ್ ಹೇಳಿದ ಸಮಯಕ್ಕೆ ಅಷ್ಟು ಪಟ್ಟು ಕೊಡಿ. ಫಿಲ್ಮ್ ಫೋಮಾಪಾನ್ 100 ಆದರೆ ಇನ್ನೂ ಹುಷಾರು, ಸಮಯ ಉದ್ದವಾದಷ್ಟೂ ಅದು ಬೆಳಕಿಗೆ ಮಂದವಾಗುತ್ತಾ ಹೋಗುತ್ತದೆ. ಲೆಕ್ಕದಲ್ಲಿ 10 ಸೆಕೆಂಡ್ ಬಂದರೆ ಕಂಪನಿಯ ಪಟ್ಟಿ ಪ್ರಕಾರವೇ 80 ಸೆಕೆಂಡ್ ಕೊಡಬೇಕು. ಪುಣ್ಯಕ್ಕೆ ಬ್ಯಾರೆಲ್ ಕಳ್ಳಿ ಗಾಳಿಗೆ ಅಲ್ಲಾಡಲ್ಲ.

ದುಡ್ಡಿಲ್ಲ ಅಂತೀರಾ? 58 ಮಿ.ಮೀ.ನ +3 ಕ್ಲೋಸಪ್ ಫಿಲ್ಟರ್ ತಗೊಳ್ಳಿ. ಅದು ಸುಮಾರು 333 ಮಿ.ಮೀ.ನ ಒಂಟಿಗಾಜಿನ ಲೆನ್ಸ್, ಹೆಚ್ಚುಕಮ್ಮಿ ಎಫ್/6. ರಟ್ಟಿನಲ್ಲಿ ಕೂರಿಸಿ ಕ್ಯಾಮೆರಾ ಮುಂದೆ ಹಾಕಿ. ಇದಕ್ಕೆ ಉದ್ದನೆಯ ಬೆಲ್ಲೋಸ್ ಬೇಕು, ಅಷ್ಟೇ. ಶಟರ್ ಬದಲು ಲೆನ್ಸಿನ ಟೋಪಿ (ಮುಚ್ಚಳ) ತೆಗೆದು ಮುಚ್ಚಿದರೆ ಸಾಕು. ಆಲಪ್ಪುಳದ ವಾಗೀಶ್ವರಿ ಮರದ ಕ್ಯಾಮೆರಾ ಇಟ್ಟುಕೊಂಡಿದ್ದ ನಮ್ಮ ಸ್ಟುಡಿಯೋದವರೂ ಟೋಪಿ ತೆಗೆದೇ ಎಷ್ಟೋ ಫೋಟೋ ತೆಗೆದಿದ್ದಾರೆ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ತಡೆಯೋಕಾಗಲ್ಲ. ಹೊಲದ ಬೇಲಿಯಲ್ಲಿರುವ ಕೊಂಬುಗಳ್ಳಿ, ಎಲೆಗಳ್ಳಿ ಕ್ಯಾಕ್ಟಸ್ ಅಲ್ಲ. ಅವು ಯೂಫೋರ್ಬಿಯಾ, ಬೇರೆಯೇ ಕುಟುಂಬದ ಗಿಡಗಳು. ಕಿತ್ತರೆ ಹಾಲು ಬರುತ್ತದೆ ಅನ್ನುವುದು ಗುರುತೇನೋ ಹೌದು, ಆದರೆ ಕೆಲವು ಮ್ಯಾಮಿಲೇರಿಯಾ ಕ್ಯಾಕ್ಟಸ್‌ಗಳಲ್ಲೂ ಹಾಲಿದೆ. ನಂಬಬಹುದಾದ ಗುರುತು ಮುಳ್ಳಿನ ಬುಡದ ಮೆತ್ತೆ. ಕ್ಯಾಕ್ಟಸ್‌ನಲ್ಲಿ ಮುಳ್ಳು ಹುಟ್ಟುವುದು ಹತ್ತಿಯ ಉಂಡೆಯಂಥ ಪುಟ್ಟ ಚುಕ್ಕೆಯಿಂದ. ಹಿಂದಿನಿಂದ ಬಿಸಿಲು ಬಿದ್ದಾಗ ಆ ಹತ್ತಿಯೂ ಹೊತ್ತಿಕೊಂಡ ಹಾಗೆ ಹೊಳೆಯುತ್ತದೆ. ಬೇಲಿಯ ಕಳ್ಳಿಯನ್ನು ಇದೇ ಲೆನ್ಸಿನಲ್ಲಿ ಮೂರು ಸಲ ತೆಗೆದೆ. ಮೂರೂ ಸಪ್ಪೆ. ಹೊಳೆಯೋಕೆ ಅಲ್ಲಿ ಏನೂ ಇಲ್ಲ.

ಅದೇ, ನಿಮ್ಮ ಮನೆಯ ಕುಂಡದ ಬ್ರಹ್ಮಕಮಲ ಅಪ್ಪಟ ಕ್ಯಾಕ್ಟಸ್. ಮುಳ್ಳೇ ಇಲ್ಲದಿದ್ದರೂ, ಎಲೆಯ ಹಾಗೆ ಕಾಣುವ ಕಾಂಡದ ಅಂಚಿನ ಕಚ್ಚುಗಳಲ್ಲಿ ಆ ಚುಕ್ಕೆಗಳಿವೆ. ಮೊಗ್ಗು ಬರೋದೂ ಅಲ್ಲಿಂದಲೇ. ರಾತ್ರಿ ಅರಳುವ ಹೂವನ್ನು ಫೋಮಾಪಾನ್‌ನಲ್ಲಿ ತೆಗೆಯಲು ಹೊರಟರೆ ಮಾತ್ರ ಪೂರ್ತಿ ಅರಳುವ ತನಕ ಕಾಯಿರಿ. ನಾನು ಕಾಯಲಿಲ್ಲ. ಶಟರ್ ತೆರೆದೇ ಇದ್ದಾಗ ದಳಗಳು ಬಿಚ್ಚಿಕೊಳ್ಳುತ್ತಾ ಹೋದವು.