ನನ್ನಂಥವರು ಬೇಡ, ನನಗೆ ಬೇಕಾದವರು ಬೇಕು

ಮಂಡ್ಯದ ಕಡೆ ರಾಗಿಯ ಬೆಂಕಿ ರೋಗದ ಮೇಲೆ ಕೆಲಸ ಮಾಡುವ ಸಂಶೋಧಕಿಯೊಬ್ಬರಿದ್ದಾರೆ ಅಂದುಕೊಳ್ಳಿ. ಹೊಲ ಹೊಲ ಸುತ್ತಿ ಸಾವಿರಾರು ಎಲೆಗಳ ಫೋಟೋ ತೆಗೆದಿದ್ದಾರೆ. ಎಲೆಯ ಮೇಲಿನ ಮಚ್ಚೆ ನೋಡಿ ರೋಗ ಎಷ್ಟು ಹಬ್ಬಿದೆ ಅಂತ ಕಂಪ್ಯೂಟರೇ ಹೇಳುವಂತಾದರೆ ಎಷ್ಟೋ ಕೆಲಸ ಉಳಿಯುತ್ತದೆ. ಆದರೆ ಅವರಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಬರುವವರು ಎಲ್ಲಿದ್ದಾರೆ? ಬಹುಶಃ ಎರಡು ಗಂಟೆ ದೂರದ ಬೆಂಗಳೂರಿನಲ್ಲಿ, ಒಳ್ಳೆಯ ಡೇಟಾ ಸಿಗುತ್ತಿಲ್ಲ ಅಂತ ಗೊಣಗುತ್ತಾ ಕೂತಿದ್ದಾರೆ.

ಇಂಥವರನ್ನು ಸೇರಿಸುತ್ತೇವೆ ಅಂತ ಹೊರಟ ತಾಣಗಳಿಗೇನೂ ಬರವಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2003ರಲ್ಲೇ ಸಂಶೋಧಕರ ವಿವರ ಒಂದೆಡೆ ಸಿಗುವ ವಿವೋ ಎಂಬ ವ್ಯವಸ್ಥೆ ಕಟ್ಟಿತು. 2008ರಲ್ಲಿ ಇಜಾದ್ ಮಾದಿಶ್ ಎಂಬ ವೈರಾಣು ತಜ್ಞ ಇಬ್ಬರು ಗೆಳೆಯರ ಜೊತೆ ರಿಸರ್ಚ್‌ಗೇಟ್ ಎಂಬ ಸಂಶೋಧಕರ ಜಾಲತಾಣ ಶುರು ಮಾಡಿದರು. ನಮ್ಮ ದೇಶದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ನಡೆಸುವ, ತಜ್ಞರ ವಿವರಗಳಿರುವ ವಿದ್ವಾನ್ ತಾಣ ಇದೆ. ಆದರೆ ಜನ ಅಲ್ಲಿ ಮಾಡುವುದೇನು? 2014ರಲ್ಲಿ ನೇಚರ್ ಪತ್ರಿಕೆ ಸಾವಿರಾರು ಸಂಶೋಧಕರನ್ನು ಇದೇ ಪ್ರಶ್ನೆ ಕೇಳಿತು. ರಿಸರ್ಚ್‌ಗೇಟ್ ಬಳಸುವವರಿಂದ ಹೆಚ್ಚಾಗಿ ಬಂದ ಉತ್ತರ: ಯಾರಾದರೂ ಸಂಪರ್ಕಿಸಿದರೆ ಇರಲಿ ಅಂತ ಸುಮ್ನೆ ಪ್ರೊಫೈಲ್ ಇಟ್ಟಿದ್ದೇವೆ. ಎಲ್ಲರೂ ಅಂಗಡಿಗೆ ಬೋರ್ಡ್ ಹಾಕಿ ಒಳಗೆ ಕೂತರೆ ಕೊಳ್ಳಲು ಬರುವವರು ಯಾರು?

ಹುಡುಕುವವರಿಗೂ ಮೊದಲ ತೊಡಕು ಹೆಸರಿನದ್ದೇ. ನಮ್ಮ ಕಡೆಯವರಿಗಂತೂ ಇದು ದೊಡ್ಡ ತಲೆನೋವು. ಮಂಜುನಾಥ ಅಂತ ಒಬ್ಬರಿದ್ದರೆ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ. ವಿದೇಶಿ ಪತ್ರಿಕೆಯ ಫಾರ್ಮ್ ಸರ್‌ನೇಮ್ ಕೇಳುತ್ತದೆ. ಒಂದು ಲೇಖನದಲ್ಲಿ ಊರೇ ಸರ್‌ನೇಮ್ ಆಗುತ್ತದೆ, ಇನ್ನೊಂದರಲ್ಲಿ ಅಪ್ಪ, ಮತ್ತೊಂದರಲ್ಲಿ ಬರೀ ಇನಿಷಿಯಲ್. ಕಂಪ್ಯೂಟರಿನ ಲೆಕ್ಕದಲ್ಲಿ ಇವರು ಮೂರು ಜನ! 2012ರಲ್ಲಿ ಬಂದ ಆರ್ಕಿಡ್ ಸಂಖ್ಯೆ ಇದನ್ನು ಬಗೆಹರಿಸುತ್ತದೆ. ಹೆಸರು ಹೇಗೇ ಬರೆದಿರಲಿ, ಒಬ್ಬರಿಗೆ ಒಂದೇ ಸಂಖ್ಯೆ. ಅದರಲ್ಲಿ 16 ಸ್ಥಾನಗಳಿವೆ. ಕೊನೆಯದು ಉಳಿದ 15 ಅಂಕಿಗಳಿಂದ ಲೆಕ್ಕ ಹಾಕಿ ತೆಗೆದದ್ದು, ಹಾಗಾಗಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಸಿಕ್ಕಿಬೀಳುತ್ತದೆ. ಲೆಕ್ಕದ ಉತ್ತರ 10 ಬಂದರೆ ಒಂದೇ ಸ್ಥಾನದಲ್ಲಿ ಹಿಡಿಸುವುದಿಲ್ಲವಲ್ಲ, ಆಗ ಎಕ್ಸ್ ಅಂತ ಬರೆಯುತ್ತಾರೆ. ಕೆಲವರ ಸಂಖ್ಯೆ ಎಕ್ಸ್‌ನಲ್ಲಿ ಮುಗಿಯುವುದು ಅದಕ್ಕೇ.

ಸರಿ, ಹೆಸರು ಬಗೆಹರಿಯಿತು. ಇನ್ನು ಜೋಡಿ ಹುಡುಕುವುದು ಹೇಗೆ? ಒಂದು ದಾರಿ ಪದಗಳದ್ದು. ಜೇನ್ ಎಂಬ ತಾಣದಲ್ಲಿ ನಿಮ್ಮ ಲೇಖನದ ಸಾರಾಂಶ ಅಂಟಿಸಿದರೆ ಅದಕ್ಕೆ ಹೋಲುವ ಲೇಖನಗಳನ್ನು ಹೆಕ್ಕಿ, ಅವುಗಳ ಲೇಖಕರನ್ನು ಪಟ್ಟಿ ಮಾಡಿ ಕೊಡುತ್ತದೆ. ಇಂಥ ಹುಡುಕಾಟದಲ್ಲಿ 'ಫಲಿತಾಂಶ', 'ಅಧ್ಯಯನ' ತರಹದ ಎಲ್ಲೆಲ್ಲೂ ಬರುವ ಪದಗಳಿಗೆ ಬೆಲೆ ಕಮ್ಮಿ, 'ರಾಗಿ'ಯಂಥ ಅಪರೂಪದ ಪದಕ್ಕೆ ಜಾಸ್ತಿ. ಇನ್ನೊಂದು ದಾರಿ ಪರಿಚಯದ್ದು. ಮಾರ್ಕ್ ನ್ಯೂಮನ್ ಎಂಬ ಭೌತವಿಜ್ಞಾನಿ 2001ರಲ್ಲಿ ಯಾರು ಯಾರ ಜೊತೆ ಲೇಖನ ಬರೆದಿದ್ದಾರೆ ಎಂಬ ಜಾಲವನ್ನೇ ಬಿಡಿಸಿ ನೋಡಿದರು. ಮೂರನೆಯವರೊಬ್ಬರ ಜೊತೆ ಇಬ್ಬರೂ ಕೆಲಸ ಮಾಡಿದ್ದರೆ, ಆ ಇಬ್ಬರೂ ಪರಸ್ಪರ ಕೈಜೋಡಿಸುವ ಸಾಧ್ಯತೆ ಸಾಮಾನ್ಯವಾಗಿ ಶೇ. 30 ಅಥವಾ ಅದಕ್ಕೂ ಹೆಚ್ಚು ಅಂತ ಕಂಡಿತು.

ನನ್ನ ತಕರಾರು ಇರುವುದು ಇಲ್ಲೇ. ಮೊದಲ ದಾರಿ ನಿಮ್ಮಂಥವರನ್ನೇ ತೋರಿಸುತ್ತದೆ. ಎರಡನೆಯದು ನಿಮ್ಮವರಿಗೆ ಈಗಾಗಲೇ ಗೊತ್ತಿರುವವರನ್ನು ತೋರಿಸುತ್ತದೆ. ಮಂಡ್ಯದವರು 'ರಾಗಿ, ಬೆಂಕಿ ರೋಗ' ಅಂತ ಹಾಕಿದರೆ ಅದೇ ರೋಗದ ಹಿಂದೆ ಬಿದ್ದಿರುವ ಇನ್ನಷ್ಟು ಜನ ಸಿಗುತ್ತಾರೆ. ಅವರಿಗೂ ಪ್ರೋಗ್ರಾಮಿಂಗ್ ಬರುವುದಿಲ್ಲ. ಮೇಲಾಗಿ ಇವರು ಅರ್ಜಿ ಹಾಕಿದ ಅನುದಾನಕ್ಕೇ ಅವರೂ ಹಾಕಿರುತ್ತಾರೆ! ಬೆಂಗಳೂರಿನವರ ಲೇಖನದಲ್ಲಿ ರಾಗಿ ಎಂಬ ಪದವೇ ಇಲ್ಲದಿದ್ದರೆ ಅವರು ಈ ಪಟ್ಟಿಗೆ ಬರುವುದಾದರೂ ಹೇಗೆ?

ಹುಡುಕಬೇಕಾದ್ದು ಬೆಳೆಯನ್ನಲ್ಲ, ವಿಧಾನವನ್ನು. 2016ರಲ್ಲಿ ಎಲೆಯ ಫೋಟೋದಿಂದ ರೋಗ ಗುರುತಿಸುವ ಬಗ್ಗೆ ಒಂದು ಹೆಸರಾಂತ ಲೇಖನ ಬಂತು. ಪ್ಲಾಂಟ್‌ವಿಲೇಜ್ ಸಂಗ್ರಹದ 54,306 ಚಿತ್ರಗಳು, 14 ಬೆಳೆ, 26 ರೋಗ. ಟೊಮೆಟೊ ಇದೆ, ಆಲೂಗಡ್ಡೆ ಇದೆ, ಸೇಬೂ ಇದೆ. ರಾಗಿ ಇಲ್ಲ. ಭತ್ತವೂ ಇಲ್ಲ. ಈ ಲೇಖನವನ್ನು ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ತೆರೆದು, ಅದನ್ನು ಉಲ್ಲೇಖಿಸಿದವರ ಪಟ್ಟಿ ಒತ್ತಿ, ಆ ಪಟ್ಟಿಯೊಳಗೆ 'ಬೆಂಗಳೂರು' ಅಂತ ಹುಡುಕಿ. ಅಲ್ಲಿ ಸಿಗುವವರಿಗೆ ಮಂಡ್ಯದ ಫೋಟೋಗಳು ಬೇಕೇ ಬೇಕು, ಅಲ್ವಾ? ಉಚಿತವಾದ, ಹಳೆಯ ಈ ಸೌಲಭ್ಯ ಎಷ್ಟೋ ಹೊಸ 'ಸ್ಮಾರ್ಟ್' ಶಿಫಾರಸುಗಳಿಗಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ.

ವ್ಯಕ್ತಿಯನ್ನು ಹುಡುಕುವ ಬದಲು ಸಮಸ್ಯೆಯನ್ನೇ ಬಯಲಲ್ಲಿಟ್ಟವರೂ ಇದ್ದಾರೆ. 2009ರ ಜನವರಿಯಲ್ಲಿ ಕೇಂಬ್ರಿಡ್ಜ್‌ನ ಗಣಿತಜ್ಞ ಟಿಮ್ ಗೋವರ್ಸ್ ಕಠಿಣವಾದ ಒಂದು ಲೆಕ್ಕವನ್ನು ಆನ್‌ಲೈನ್‌ನಲ್ಲಿ ಹಾಕಿ, ಯಾರು ಬೇಕಾದರೂ ಬನ್ನಿ ಅಂದರು. ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದ ಟೆರೆನ್ಸ್ ಟಾವ್ ಬಂದರು, ಹೈಸ್ಕೂಲ್ ಮೇಷ್ಟ್ರೊಬ್ಬರೂ ಬಂದರು. ಸುಮಾರು ಆರು ವಾರಗಳಲ್ಲಿ ದಾರಿ ಸಿಕ್ಕಿತು. ಪಾಲಿಮ್ಯಾತ್ ಎಂಬ ಸಾಮೂಹಿಕ ಹೆಸರಿನಲ್ಲಿ ಲೇಖನವೂ ಬಂತು. ಗಣಿತದಲ್ಲಿ ಇದು ನಡೆಯುತ್ತದೆ. ಯಾರೋ ನಮಗಿಂತ ಮೊದಲು ಪ್ರಕಟಿಸಿಬಿಟ್ಟಾರು ಅನ್ನುವ ಭಯ ಇರುವ ಲ್ಯಾಬ್‌ಗಳಲ್ಲಿ ಕಷ್ಟ.

ಇದೆಲ್ಲದರ ನಡುವೆ ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಪ್ರಯೋಗವೊಂದು ಸ್ವಾರಸ್ಯವಾಗಿದೆ. ಸಂಶೋಧಕರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, 90 ನಿಮಿಷ ಎದುರುಬದುರು ಕೂರಿಸಿ ಮಾತಾಡಲು ಬಿಟ್ಟರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದೇ ಕೋಣೆಯಲ್ಲಿ ಕೂತ ಇಬ್ಬರು ಸೇರಿ ಅನುದಾನಕ್ಕೆ ಅರ್ಜಿ ಹಾಕುವ ಸಾಧ್ಯತೆ ಬೇರೆ ಬೇರೆ ಕೋಣೆಯಲ್ಲಿ ಕೂತವರಿಗಿಂತ ಶೇ. 75ರಷ್ಟು ಹೆಚ್ಚಿತ್ತು. ಇವರೇನೂ ಬೇರೆ ದೇಶದವರಲ್ಲ. ಒಂದೇ ಸಂಸ್ಥೆಯ ಸುತ್ತಮುತ್ತ ಕೆಲಸ ಮಾಡುವವರು. ಪ್ರೊಫೈಲ್ ತುಂಬಿ ಅಂತ ಸುತ್ತೋಲೆ ಕಳಿಸುವ ವಿಶ್ವವಿದ್ಯಾಲಯಗಳು ಇದನ್ನೂ ಒಮ್ಮೆ ಮಾಡಿ ನೋಡಬಹುದು. ಖರ್ಚು ಅಂದರೆ ಕಾಫಿ, ಬಿಸ್ಕತ್ತು ಅಷ್ಟೇ.