ಸ್ಕ್ಯಾನಿಂಗ್ ನಾರ್ಮಲ್ ಬಂದ ಮೇಲೂ ಫಿಟ್ಸ್ ಮಾತ್ರೆ ಯಾಕೆ?

ಪ್ರಶ್ನೆ: ನನ್ನ ತಮ್ಮನಿಗೆ ಎರಡು ಸಲ ಫಿಟ್ಸ್ ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತಲೆಯ ಎಂಆರ್‌ಐ ಮಾಡಿಸಿದೆವು. ರಿಪೋರ್ಟಿನಲ್ಲಿ ಏನೂ ಇಲ್ಲ. ಆದರೂ ಡಾಕ್ಟರು ವರ್ಷಗಟ್ಟಲೆ ಮಾತ್ರೆ ನುಂಗಬೇಕು ಎನ್ನುತ್ತಾರೆ. ಏನೂ ಇಲ್ಲದ ಮೇಲೆ ಮಾತ್ರೆ ಯಾಕೆ?

ಉತ್ತರ: ಊರು ಬೇರೆ, ಮನೆ ಬೇರೆ, ಪ್ರಶ್ನೆ ಮಾತ್ರ ಇದೇ. ಸಾಗರದವರು ಕೇಳಿದ್ದಾರೆ, ಕೊಪ್ಪದವರು ಕೇಳಿದ್ದಾರೆ, ಹೊಸನಗರದವರು ರಿಪೋರ್ಟಿನ ಫೋಟೋ ಸಮೇತ ಕಳಿಸಿದ್ದಾರೆ. ಎಷ್ಟು ಸಲ ಹೇಳಿದರೂ ಮುಗಿಯದ ಈ ಮಾತನ್ನು ಇನ್ನೊಮ್ಮೆ ಬರೆಯುತ್ತಿದ್ದೇನೆ. ‘ಏನೂ ಇಲ್ಲವಂತೆ’ ಎಂದು ಮಾತ್ರೆ ಬಿಟ್ಟವರು ಕೊನೆ ಕೊಯ್ಯಲು ಅಡಿಕೆ ಮರ ಹತ್ತುತ್ತಾರೆ, ಹೊಳೆಗೆ ಇಳಿಯುತ್ತಾರೆ, ಬೈಕ್ ಓಡಿಸುತ್ತಾರೆ. ನನ್ನ ಆತಂಕ ಅದು.

ಎಂಆರ್‌ಐ ನೋಡುವುದು ಮಿದುಳಿನ ಆಕಾರವನ್ನು. ಅದರ ಅಯಸ್ಕಾಂತದ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ (ಕಾಂತಬಲದ ಅಳತೆ), 1.5 ಎಂದರೂ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಮೈಯೊಳಗಿನ ನೀರಿನ ಹೈಡ್ರೋಜನ್ ಕಣಗಳನ್ನು ರೇಡಿಯೋ ಅಲೆಯಿಂದ ಅಲುಗಿಸಿ, ಅವು ಮರಳಿ ಕೊಡುವ ಸಂಕೇತದಿಂದ ಚಿತ್ರ ಕಟ್ಟುತ್ತದೆ. ಗಡ್ಡೆ, ಹಳೆಯ ಗಾಯದ ಕಲೆ, ಹುಟ್ಟಿನಿಂದ ಬಂದ ರಚನೆಯ ದೋಷ, ಮಿದುಳಿಗೆ ಸೇರಿದ ಲಾಡಿಹುಳುವಿನ ಮರಿ, ಇವೆಲ್ಲ ಅದಕ್ಕೆ ಸಿಗುತ್ತವೆ. (ಆ ಹುಳುವಿನ ಮೊಟ್ಟೆ ಸರಿಯಾಗಿ ತೊಳೆಯದ ಸೊಪ್ಪಿನಲ್ಲೂ ಬರುತ್ತದೆ, ಮಾಂಸ ಮುಟ್ಟದ ಮನೆಯವರೂ ಎಚ್ಚರವಾಗಿರಬೇಕು.)

ಫಿಟ್ಸ್‌ಗೆ ಇಂಥ ಗುರುತೇ ಬೇಕೆಂದಿಲ್ಲ. ನಮ್ಮ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳು ಕೆಲಸ ನಡೆಸುವುದು ಅತಿ ಸಣ್ಣ ವಿದ್ಯುತ್ ಮಿಡಿತಗಳಿಂದ ಮತ್ತು ರಾಸಾಯನಿಕಗಳಿಂದ. ಅವುಗಳಲ್ಲಿ ಒಂದು ಗುಂಪು ಅಂಕೆ ತಪ್ಪಿ ಒಟ್ಟೊಟ್ಟಿಗೆ ಮಿಡಿಯತೊಡಗಿದರೆ ಅದೇ ಫಿಟ್ಸ್. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಅದು ಅಡಗುತ್ತದೆ. ವಾರ ಕಳೆದು ಎಂಆರ್‌ಐ ಮಾಡಿಸಿದರೆ ಅಲ್ಲಿ ಏನು ಸಿಕ್ಕೀತು? ಮಳೆಗಾಲದಲ್ಲಿ ನಿಮ್ಮ ಮನೆಯ ವೋಲ್ಟೇಜ್ ಏರಿಳಿಯುವುದು ಮನೆಯ ಫೋಟೋದಲ್ಲಿ ಕಾಣುವುದಿಲ್ಲವಲ್ಲ, ಇದೂ ಹಾಗೆಯೇ.

ಈ ಪಾಠ ಮಾಡಿದಾಗ ನನ್ನ ಪಿಯುಸಿ ತರಗತಿಯ ಹುಡುಗಿಯೊಬ್ಬಳು, “ಹಾಗಾದರೆ ಲೆಕ್ಕ ಮಾಡುತ್ತಿರುವವನ ಮಿದುಳೂ ಸುಮ್ಮನೆ ಮಲಗಿದವನ ಮಿದುಳೂ ಎಂಆರ್‌ಐಯಲ್ಲಿ ಒಂದೇ ಥರ ಕಾಣುತ್ತವೆಯೇ ಸರ್?” ಎಂದು ಕೇಳಿದಳು. ಸಾಮಾನ್ಯ ಎಂಆರ್‌ಐಯಲ್ಲಿ ಹೌದು. ಆ ವ್ಯತ್ಯಾಸ ಹಿಡಿಯಲು ರಕ್ತದ ಆಮ್ಲಜನಕದ ಏರಿಳಿತವನ್ನು ಓದುವ ಎಫ್‌ಎಂಆರ್‌ಐ ಬೇಕಾಯಿತು. ಅದರ ತತ್ವವನ್ನು ಜಪಾನಿನ ವಿಜ್ಞಾನಿ ಸೇಜಿ ಒಗಾವಾ ತೋರಿಸಿದ್ದು 1990ರಲ್ಲಿ. ಅಂಥ ಪ್ರಶ್ನೆ ಕೇಳುವ ಮಕ್ಕಳಿದ್ದರೆ ಪಾಠ ಮಾಡುವುದು ಹಬ್ಬ.

ವಿದ್ಯುತ್ತನ್ನೇ ಅಳೆಯುವ ಪರೀಕ್ಷೆ ಇಇಜಿ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ನೆತ್ತಿಯ ಮೇಲೆ ಸಿಗುವ ಸಂಕೇತವನ್ನು ವೋಲ್ಟಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಅಳೆಯಬೇಕು. ತಲೆಗೆ ಎಣ್ಣೆ ಹಚ್ಚಬೇಡಿ ಎನ್ನುವುದು ಅದಕ್ಕೇ: ಜಿಡ್ಡಿದ್ದರೆ ಸಂಕೇತ ಹಿಡಿಯಲು ನೆತ್ತಿಗೆ ಅಂಟಿಸುವ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ. ಹಿಂದಿನ ರಾತ್ರಿ ಕಡಿಮೆ ನಿದ್ದೆ ಮಾಡಿ ಬರಲು ಹೇಳುವುದೂ, ಮೂರು ನಿಮಿಷ ಜೋರಾಗಿ ಉಸಿರಾಡಿಸುವುದೂ, ಕಣ್ಣಿನ ಮುಂದೆ ದೀಪ ಮಿನುಗಿಸುವುದೂ ಅಡಗಿರುವ ದೋಷವನ್ನು ಹೊರಗೆಳೆಯುವುದಕ್ಕೆ.

ಇಷ್ಟಾದರೂ ಫಿಟ್ಸ್ ರೋಗವಿರುವವರಲ್ಲಿ ಸುಮಾರು ಅರ್ಧದಷ್ಟು ಜನರ ಮೊದಲ ಇಇಜಿ ನಾರ್ಮಲ್ ಬರುತ್ತದೆ. ಹಾಗಾದರೆ ಡಾಕ್ಟರು ಯಾವುದನ್ನು ನಂಬುತ್ತಾರೆ? ಕಣ್ಣಾರೆ ಕಂಡವರ ಮಾತನ್ನು. ಯಾವ ಕೈ ಮೊದಲು ಸೆಟೆಯಿತು, ಕಣ್ಣು ತೆರೆದಿತ್ತೇ, ನಾಲಿಗೆ ಕಚ್ಚಿಕೊಂಡನೇ, ಎದ್ದ ಮೇಲೆ ಎಷ್ಟು ಹೊತ್ತು ಮಂಕಾಗಿದ್ದ. ಹಾಗಾಗಿ ಮತ್ತೆ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕುವುದನ್ನು ಬಿಟ್ಟು ಒಬ್ಬರು ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿ. ಎಷ್ಟೋ ಸಲ ಆ ಒಂದು ನಿಮಿಷದ ವಿಡಿಯೊ ಕೊಡುವ ಸುಳಿವನ್ನು ದುಬಾರಿ ಸ್ಕ್ಯಾನಿಂಗ್ ಕೊಡುವುದಿಲ್ಲ.

ನಾರ್ಮಲ್ ರಿಪೋರ್ಟ್ ಹೇಳುವುದು ಗಡ್ಡೆ, ಕಲೆ, ಹುಳು ಕಾಣಲಿಲ್ಲ ಎಂದಷ್ಟೇ. ಒಳ್ಳೆಯ ಸುದ್ದಿಯೇ. ಅಂಕೆ ತಪ್ಪುವ ಮಿಡಿತವನ್ನು ಹಿಡಿತದಲ್ಲಿಡುವ ಕೆಲಸ ಮಾತ್ರೆಯದು. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬರುವ ಅಪಾಯವಿದೆ, ಅದು ಜೀವಕ್ಕೇ ಕುತ್ತು. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಒಂದೂ ಫಿಟ್ಸ್ ಬಾರದಿದ್ದರೆ ಡಾಕ್ಟರೇ ನಿಧಾನವಾಗಿ ಕಡಿಮೆ ಮಾಡುವ ಯೋಚನೆ ಮಾಡುತ್ತಾರೆ.

ಇದೇ ‘ನಾರ್ಮಲ್’ ಪಾರ್ಶ್ವವಾಯುವಿನಲ್ಲೂ ಜನರನ್ನು ದಾರಿ ತಪ್ಪಿಸುತ್ತದೆ. ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದಾಗ ಮೊದಲು ಸಿಟಿ ಸ್ಕ್ಯಾನ್ ಮಾಡುವುದು ರಕ್ತಸ್ರಾವ ಆಗಿದೆಯೇ ಎಂದು ನೋಡಲು. ರಕ್ತನಾಳ ಕಟ್ಟಿಕೊಂಡು ಬಂದ ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ಗಂಟೆ ಸಿಟಿ ನಾರ್ಮಲ್ ಆಗಿಯೇ ಕಾಣಬಹುದು. ರಕ್ತಸ್ರಾವವಿಲ್ಲ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಔಷಧಕ್ಕೆ ದಾರಿ ತೆರೆಯುತ್ತದೆ. ಅದರ ಅವಧಿ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರ್, ಆಗುಂಬೆ ಕಡೆಯವರು ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು, ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಅಲ್ಲೇ ಒಂದು ಗಂಟೆ ಹೋಯಿತು. ಎಣ್ಣೆ ತಿಕ್ಕಿ ನೋಡೋಣ ಎಂದು ಬೆಳಗಿನವರೆಗೆ ಕಾಯಬೇಡಿ. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಸಿಟಿ ಸ್ಕ್ಯಾನ್ ಈಗ ನಡೆಯುತ್ತಿದೆಯೇ ಎಂದು ಕೇಳಿಕೊಂಡು ಹೊರಡಿ, ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.